ಬಟ್ಟೆಯ ಚೀಟಿಯಲ್ಲಿ ಮೊದಲು ಚೌಕವನ್ನು ನೋಡಿ

ಚಿಕ್ಕಮಗಳೂರಿನ ನಮ್ಮ ಡ್ರೈಕ್ಲೀನಿಂಗ್ ಅಂಗಡಿಗೆ ಮಳೆಗಾಲದಲ್ಲಿ ಬರುವ ಹಾಳಾದ ಬಟ್ಟೆಗಳಲ್ಲಿ ಹೆಚ್ಚಿನವು ಒಗೆಯುವಾಗ ಕೆಟ್ಟವಲ್ಲ, ಒಣಗಿಸುವಾಗ ಕೆಟ್ಟವು. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ದಿನಗಟ್ಟಲೆ ಬಿಸಿಲು ಕಾಣದಿದ್ದಾಗ ಬಟ್ಟೆ ಬಚ್ಚಲೊಲೆಯ ಮೇಲಿನ ಗಳುವಿಗೆ ಏರುತ್ತದೆ, ಇಲ್ಲವೇ ಒದ್ದೆ ಇರುವಾಗಲೇ ಇಸ್ತ್ರಿ ಪೆಟ್ಟಿಗೆಯ ಅಡಿಗೆ ಬರುತ್ತದೆ. ಅನುಕೂಲವಿದ್ದ ಮನೆಗಳಲ್ಲಿ ಈಗ ಡ್ರೈಯರ್‌ ಒಳಗೆ ಸೇರುತ್ತದೆ. ಯಾವ ಬಟ್ಟೆ ಎಷ್ಟು ಶಾಖವನ್ನು ತಡೆಯುತ್ತದೆ ಎಂಬುದು ಅದರ ಒಳಹೊಲಿಗೆಯ ಚೀಟಿಯ ಮೇಲೆಯೇ ಅಚ್ಚಾಗಿರುತ್ತದೆ. ಆ ಚೀಟಿಯಲ್ಲಿ ಎಲ್ಲರೂ ಮೊದಲು ನೋಡುವುದು ನೀರಿನ ಬೋಗುಣಿಯ ಚಿತ್ರವನ್ನು. ಆದರೆ ಮಲೆನಾಡಿನವರು ಮೊದಲು ನೋಡಬೇಕಾದದ್ದು ಚೌಕವನ್ನು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಚೀಟಿಯ ಮೇಲಿರುವ ಮೂಲ ಚಿಹ್ನೆಗಳು ಐದೇ: ಒಗೆತಕ್ಕೆ ಬೋಗುಣಿ, ಬ್ಲೀಚಿಗೆ ತ್ರಿಕೋನ, ಒಣಗಿಸುವುದಕ್ಕೆ ಚೌಕ, ಇಸ್ತ್ರಿಗೆ ಇಸ್ತ್ರಿ ಪೆಟ್ಟಿಗೆ, ಅಂಗಡಿಯಲ್ಲಿ ಮಾಡಿಸುವ ಶುಚಿಗೆ ವೃತ್ತ. 1963ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಗಿನೆಟೆಕ್ಸ್ ಎಂಬ ಸಂಘ ರೂಢಿಗೆ ತಂದ ಈ ಚಿಹ್ನೆಗಳೇ ಐಎಸ್‌ಒ 3758 ಎಂಬ ಅಂತರರಾಷ್ಟ್ರೀಯ ಮಾನದಂಡಕ್ಕೆ ಆಧಾರವಾಗಿವೆ. ಚಿಹ್ನೆಯ ಮೇಲೆ ಕತ್ತರಿ ಗೆರೆ ಬಿದ್ದಿದ್ದರೆ ಆ ಕೆಲಸ ಕೂಡದು. ಅಡಿಯಲ್ಲಿ ಒಂದು ಗೆರೆ ಇದ್ದರೆ ಮೃದುವಾಗಿ, ಎರಡಿದ್ದರೆ ಇನ್ನೂ ಮೃದುವಾಗಿ ಮಾಡಬೇಕು. ಚುಕ್ಕೆ ಹೆಚ್ಚಿದಷ್ಟೂ ಶಾಖ ಹೆಚ್ಚಬಹುದು. ಇವೆಲ್ಲವೂ ಮೇಲ್ಮಿತಿಯನ್ನು ಹೇಳುತ್ತವೆ ಎಂಬುದು ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ಬೋಗುಣಿಯಲ್ಲಿ 40 ಎಂದಿದ್ದರೆ ನೀರು 40 ಡಿಗ್ರಿಯನ್ನು ದಾಟಬಾರದು ಎಂದಷ್ಟೇ ಅರ್ಥ, ತಣ್ಣೀರಿನಲ್ಲಿ ಒಗೆದರೆ ತಪ್ಪೇನೂ ಇಲ್ಲ.

ಇನ್ನು ಚೌಕದ ವಿಷಯ. ಚೌಕದೊಳಗೆ ವೃತ್ತವಿದ್ದರೆ ಅದು ಡ್ರೈಯರ್‌ನ ಗುರುತು. ಒಂದು ಚುಕ್ಕೆಗೆ 60 ಡಿಗ್ರಿ, ಎರಡು ಚುಕ್ಕೆಗೆ 80 ಡಿಗ್ರಿ ಮಿತಿ. ಅದರ ಮೇಲೆ ಕತ್ತರಿ ಗೆರೆ ಇರುವ ಬಟ್ಟೆಯನ್ನು ಡ್ರೈಯರ್‌ಗೆ ಹಾಕಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ, ಆದರೆ ಅದೇ ಬಟ್ಟೆಯನ್ನು ಉರಿಯುವ ಬಚ್ಚಲೊಲೆಯ ಮೇಲೆ ಹರವಲು ಹಿಂಜರಿಯುವುದಿಲ್ಲ. ಒಲೆಗೆ ಯಾವ ಮಾನದಂಡದಲ್ಲೂ ಚಿಹ್ನೆಯಿಲ್ಲ. ಡ್ರೈಯರ್ ಕೂಡದು ಎಂದಿರುವ ಬಟ್ಟೆಗೆ ಒಲೆಯ ಶಾಖವೂ ಕೂಡದು ಎಂದು ನಾನು ಗಿರಾಕಿಗಳಿಗೆ ಹೇಳುತ್ತೇನೆ. ಲೆಗ್ಗಿಂಗ್ಸ್, ಹಿಗ್ಗುವ ಜೀನ್ಸ್, ಒಳಉಡುಪುಗಳಲ್ಲಿರುವ ಇಲಾಸ್ಟೇನ್ ಎಳೆ ಮತ್ತೆ ಮತ್ತೆ ಶಾಖಕ್ಕೆ ಸಿಕ್ಕಿದರೆ ಬಿಗಿ ಕಳೆದುಕೊಳ್ಳುತ್ತದೆ, ಸೊಂಟದ ಹತ್ತಿರ ಅಲೆಯಲೆಯಾಗಿ ಜೋತು ಬೀಳುತ್ತದೆ, ಮತ್ತು ಅದನ್ನು ಸರಿಪಡಿಸುವ ದಾರಿ ನಮ್ಮಲ್ಲಿಯೂ ಇಲ್ಲ.

ಚೌಕದೊಳಗೆ ನೆಟ್ಟಗೆ ನಿಂತ ಗೆರೆ ಇದ್ದರೆ ತೂಗುಹಾಕಬೇಕು, ಅಡ್ಡಗೆರೆ ಇದ್ದರೆ ಹಾಸಿ ಒಣಗಿಸಬೇಕು, ಗೆರೆ ಎರಡಿದ್ದರೆ ಹಿಂಡದೆ ನೀರು ತಾನಾಗಿಯೇ ಇಳಿಯಲು ಬಿಡಬೇಕು. ಎಡ ಮೂಲೆಯ ಓರೆಗೆರೆ ನೆರಳನ್ನು ಸೂಚಿಸುತ್ತದೆ, ಅರಸೀಕೆರೆಯ ಬಯಲಿನ ಬೇಸಿಗೆ ಬಿಸಿಲಿಗೆ ಗಾಢ ಬಣ್ಣಗಳನ್ನು ಹರವುವವರಿಗೆ ಇದು ಬಹಳ ಮುಖ್ಯ. ಉಣ್ಣೆಯ ಸ್ವೆಟರಿನ ಚೀಟಿಯಲ್ಲಿ ಸಾಮಾನ್ಯವಾಗಿ ಅಡ್ಡಗೆರೆ ಇರುತ್ತದೆ, ಏಕೆಂದರೆ ನೀರು ಕುಡಿದ ಸ್ವೆಟರನ್ನು ಹಗ್ಗಕ್ಕೆ ನೇತುಹಾಕಿದರೆ ಅದರ ಭಾರಕ್ಕೇ ಹೆಣಿಗೆ ಜಗ್ಗಿ ತೋಳುಗಳು ಉದ್ದವಾಗುತ್ತವೆ. ಇಂಥದ್ದನ್ನು ಒಣ ಟವೆಲಿನಲ್ಲಿ ಸುತ್ತಿ, ಮೆಲ್ಲಗೆ ಒತ್ತಿ ನೀರು ತೆಗೆದು, ಚಾಪೆಯ ಮೇಲೆ ಹಾಸಿ ಫ್ಯಾನಿನ ಗಾಳಿಗೆ ಬಿಡಿ. ಎರಡು ದಿನ ಹಿಡಿದರೂ ಸರಿ.

ಬೋಗುಣಿಯೊಳಗೆ ಕೈ ಇದ್ದರೆ ಕೈಯಲ್ಲೇ, 40 ಡಿಗ್ರಿಯೊಳಗೆ ಒಗೆಯಬೇಕು. ಕೈಯಲ್ಲಿ ಎಂದರೆ ಒಗೆಯುವ ಕಲ್ಲಿನ ಮೇಲೆ ಎಂದಲ್ಲ. ಉಣ್ಣೆಯ ಎಳೆಯ ಮೇಲೆ ಸಣ್ಣ ಹುರುಪೆಗಳಿರುತ್ತವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ರೇಯಾನ್ ಅಥವಾ ವಿಸ್ಕೋಸ್ ಕುರ್ತಾಗಳ ಸಮಸ್ಯೆ ಬೇರೆ. ಹತ್ತಿ ನೆನೆದಾಗ ಇನ್ನಷ್ಟು ಗಟ್ಟಿಯಾದರೆ ವಿಸ್ಕೋಸ್ ನೆನೆದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ನೋಡಲು ಹತ್ತಿಯಂತೆಯೇ ಇರುವ ಕುರ್ತಾ ಹಿಂಡುವಾಗ ಹೊಲಿಗೆಯ ಪಕ್ಕದಲ್ಲಿ ಬಿಟ್ಟುಕೊಳ್ಳುತ್ತದೆ. ಬೋಗುಣಿಯ ಅಡಿಯ ಗೆರೆಯನ್ನು ಗಮನಿಸಿದವರ ಬಟ್ಟೆಗೆ ಈ ಗತಿ ಬರುವುದಿಲ್ಲ.

ತ್ರಿಕೋನದ ಮಾತು ಬಂದರೆ ನಮ್ಮೂರಿನಲ್ಲಿ ಕಾಫಿ ಕಲೆಯ ಮಾತನ್ನೂ ಆಡಲೇಬೇಕು. ಬಿಳಿ ಅಂಗಿಯ ಮೇಲೆ ಕಾಫಿ ಚೆಲ್ಲಿದೊಡನೆ ಬ್ಲೀಚ್ ಸುರಿಯುವವರಿದ್ದಾರೆ. ಖಾಲಿ ತ್ರಿಕೋನವಿದ್ದರೆ ಮಾತ್ರ ಯಾವ ಬ್ಲೀಚಾದರೂ ಆಗುತ್ತದೆ; ಒಳಗೆ ಎರಡು ಓರೆಗೆರೆಗಳಿದ್ದರೆ ಕ್ಲೋರಿನ್ ಇಲ್ಲದ, ಆಮ್ಲಜನಕ ಬಿಡುವ ಬ್ಲೀಚನ್ನಷ್ಟೇ ಬಳಸಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರೂ ಕ್ಲೋರಿನ್ನೇ. ಅದು ರೇಷ್ಮೆ ಮತ್ತು ಉಣ್ಣೆಯ ಎಳೆಯನ್ನೇ ತಿನ್ನುತ್ತದೆ, ಇಲಾಸ್ಟೇನನ್ನು ಹಳದಿ ಮಾಡುತ್ತದೆ. ಹಾಲು ಹಾಕಿದ ಕಾಫಿಯ ಕಲೆಗೆ ಬಿಸಿನೀರು ತಾಕಿಸಿದರೆ ಹಾಲಿನ ಪ್ರೋಟೀನು ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಆದಕಾರಣ ಮೊದಲು ತಣ್ಣೀರಿನಲ್ಲಿ ಜಾಲಿಸಿ ಆಮೇಲೆ ಸೋಪು ಹಚ್ಚಬೇಕು.

ಇಸ್ತ್ರಿ ಪೆಟ್ಟಿಗೆಯ ಚಿತ್ರದಲ್ಲಿ ಮೂರು ಚುಕ್ಕೆಗಳಿದ್ದರೆ ಸುಮಾರು 200 ಡಿಗ್ರಿಯವರೆಗೆ ಹೋಗಬಹುದು, ಎರಡಕ್ಕೆ ಸುಮಾರು 150, ಒಂದಕ್ಕೆ ಸುಮಾರು 110. ಇದ್ದಿಲಿನ ಪೆಟ್ಟಿಗೆಗೆ ಶಾಖದ ಗುಂಡಿಯಿಲ್ಲದಿರುವುದರಿಂದ ಒಂದು ಚುಕ್ಕೆಯ ನೈಲಾನ್ ಬಟ್ಟೆಯನ್ನು ಅದರಡಿಗೆ ಕೊಡದಿರುವುದು ಒಳ್ಳೆಯದು, ಎರಡು ಚುಕ್ಕೆಯದಾದರೆ ಮೇಲೊಂದು ತೆಳು ಹತ್ತಿ ಬಟ್ಟೆ ಹಾಸಿ ತಿಕ್ಕಬೇಕು.

ವೃತ್ತದೊಳಗಿನ ಅಕ್ಷರಗಳು ನಮ್ಮಂಥ ಅಂಗಡಿಯವರಿಗಾಗಿ ಇರುವಂಥವು: ಪಿ ಮತ್ತು ಎಫ್ ಯಾವ ದ್ರಾವಕ ಬಳಸಬಹುದು ಎಂದು ಹೇಳುತ್ತವೆ, ಡಬ್ಲ್ಯೂ ಇದ್ದರೆ ನೀರಿನಲ್ಲೇ ಯಂತ್ರದ ಎಚ್ಚರಿಕೆಯ ಒಗೆತ. ವೃತ್ತದ ಮೇಲೆ ಕತ್ತರಿ ಗೆರೆ ಇದ್ದರೆ ಡ್ರೈಕ್ಲೀನಿಂಗ್ ಕೂಡದು. ಮಳೆಗೆ ಹಾಕುವ ಲೇಪನದ ಜರ್ಕಿನ್‌ಗಳಲ್ಲಿ ಈ ಗುರುತು ಹೆಚ್ಚಾಗಿ ಕಾಣುತ್ತದೆ, ಏಕೆಂದರೆ ದ್ರಾವಕ ತಗುಲಿದರೆ ಒಳಗಿನ ಲೇಪನ ಸಿಪ್ಪೆಯಾಗಿ ಏಳುತ್ತದೆ. ಬೆಲೆಬಾಳುವ ಬಟ್ಟೆಯೆಲ್ಲ ಅಂಗಡಿಗೇ ಹೋಗಬೇಕು ಎಂಬ ನಂಬಿಕೆ ಇಲ್ಲಿ ಕೆಲಸಕ್ಕೆ ಬಾರದು.

ಚೀಟಿ ಕತ್ತಿಗೆ ಚುಚ್ಚುತ್ತದೆಂದು ಕತ್ತರಿಸುವವರು ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಲಿ, ಕತ್ತರಿಸಿದ ತುಂಡನ್ನು ಬಟ್ಟೆಯ ಜೊತೆಗೆ ತಂದುಕೊಟ್ಟರೆ ನಮಗೆ ಇನ್ನೂ ಅನುಕೂಲ. ಚೀಟಿಯೇ ಇಲ್ಲದ ಕೈಮಗ್ಗದ ಸೀರೆಯಾದರೆ ಸೆರಗಿನ ಒಳಮಗ್ಗುಲಿನ ಒಂದು ಮೂಲೆಯನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಿ. ಬಿಟ್ಟರೆ ನೀರಿಗೆ ಹಾಕಬೇಡಿ.