ಬೀಡಿ ಮುಟ್ಟದ ಅವ್ವನಿಗೆ ಸಿಒಪಿಡಿ ಬಂದಿದ್ದು ಹೇಗೆ?

ಓದುಗರ ಪ್ರಶ್ನೆ: ನಮ್ಮವ್ವನಿಗೆ 58 ವರ್ಷ. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿ ನಮ್ಮದು. ಬೀಡಿ, ಸಿಗರೇಟು, ನಶ್ಯ ಯಾವುದನ್ನೂ ಮುಟ್ಟಿದವರಲ್ಲ. ನಾಲ್ಕೈದು ವರ್ಷದಿಂದ ಕೆಮ್ಮು, ದಮ್ಮು. ಈಗ ದಾವಣಗೆರೆಯಲ್ಲಿ ತೋರಿಸಿದರೆ ಸಿಒಪಿಡಿ ಅಂದಿದ್ದಾರೆ. ಅದು ಬೀಡಿ ಸೇದುವವರಿಗೆ ಬರುವ ಕಾಯಿಲೆ ಅಲ್ವಾ? ಅವ್ವನಿಗೆ ಹೇಗೆ ಬಂತು? ಹೊಸ ಇಂಜೆಕ್ಷನ್ ಬಂದಿದೆಯಂತೆ, ಅದರಿಂದ ವಾಸಿ ಆಗುತ್ತಾ?

ಉತ್ತರ: ಸಿಒಪಿಡಿ ಅಂದರೆ ಉಸಿರುನಾಳಗಳು ಕಿರಿದಾಗಿ ದಮ್ಮು ಬರುವ, ವರ್ಷಗಟ್ಟಲೆ ಉಳಿಯುವ ಶ್ವಾಸಕೋಶದ ಕಾಯಿಲೆ. ಬೀಡಿ ಸೇದದವರಿಗೂ ಅದು ಬರುತ್ತದೆ. ನಮ್ಮ ದೇಶದಲ್ಲಿ ಅಂಥವರು ಬಹಳ ಜನ ಇದ್ದಾರೆ. 2016ರಲ್ಲಿ ಭಾರತದಲ್ಲಿ ಸುಮಾರು ಐದೂವರೆ ಕೋಟಿ ಜನರಿಗೆ ಈ ಕಾಯಿಲೆ ಇತ್ತು ಎಂಬ ಅಂದಾಜು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಈ ಕಾಯಿಲೆಯಿಂದ ಜನ ಕಳೆದುಕೊಳ್ಳುವ ಆರೋಗ್ಯವಂತ ವರ್ಷಗಳ ಒಟ್ಟು ಲೆಕ್ಕದಲ್ಲಿ ಶೇ. 53.7 ಕೆಟ್ಟ ಗಾಳಿಯ ಲೆಕ್ಕಕ್ಕೆ ಹೋಗುತ್ತದೆ. ಮನೆಯೊಳಗಿನ ಒಲೆ ಹೊಗೆಯೂ ಇದರಲ್ಲಿ ಸೇರಿದೆ. ತಂಬಾಕಿನ ಪಾಲು ಶೇ. 25.4. ಕೆಲಸದ ಜಾಗದ ಧೂಳು, ಹೊಗೆಯ ಪಾಲು ಶೇ. 16.5. ಅಂದರೆ ನಮ್ಮಲ್ಲಿ ಬೀಡಿ, ಸಿಗರೇಟಿಗಿಂತ ಕೆಟ್ಟ ಗಾಳಿಯೇ ದೊಡ್ಡ ಕಾರಣ. ಹೆಣ್ಣುಮಕ್ಕಳಿಗೆ ಈ ಕಾಯಿಲೆ ಬರುವುದೇ ಇಲ್ಲ ಅಂದುಕೊಂಡು ವರ್ಷಗಟ್ಟಲೆ ಬರೀ ಕೆಮ್ಮಿನ ಸಿರಪ್ ಕುಡಿಸುತ್ತಾರೆ. ನನಗೆ ತುಂಬಾ ಬೇಸರ ತರುವ ವಿಷಯ ಇದು.

ನಿಮ್ಮವ್ವ ಎಷ್ಟು ವರ್ಷ ಕಟ್ಟಿಗೆ ಒಲೆಯ ಮುಂದೆ ಕೂತರು ಅಂತ ಸುಮ್ನೆ ಒಮ್ಮೆ ಲೆಕ್ಕ ಹಾಕಿ. ನಮ್ಮ ಕಡೆ ಒಲೆಗೆ ಹಾಕದ್ದು ಏನಿತ್ತು? ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು, ಕುಳ್ಳು, ಮಳೆಗಾಲದಲ್ಲಿ ಅರ್ಧ ಒಣಗಿದ ಸೌದೆ. ರೊಟ್ಟಿ ಸುಡುವಾಗ, ಮುದ್ದೆ ತಿರುವುವಾಗ ಮುಖ ಒಲೆಗೆ ಹತ್ತಿರವೇ ಇರಬೇಕು. ಈ ಹೊಗೆಯನ್ನು ಅಳೆಯಲು ಸಂಶೋಧಕರು ಒಂದು ಸುಲಭದ ಲೆಕ್ಕ ಇಟ್ಟುಕೊಂಡಿದ್ದಾರೆ. ದಿನಕ್ಕೆ ಎಷ್ಟು ಗಂಟೆ ಅಡುಗೆ, ಅದನ್ನು ಎಷ್ಟು ವರ್ಷ ಅನ್ನುವುದರಿಂದ ಗುಣಿಸುವುದು. ಮೈಸೂರಿನ ವೈದ್ಯರ ತಂಡವೊಂದು ಹಳ್ಳಿ ಹೆಣ್ಣುಮಕ್ಕಳನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಈ ಗುಣಾಕಾರ 60 ಮುಟ್ಟಿದರೆ, ಕಫ ಮತ್ತು ಕೆಮ್ಮು ವರ್ಷಗಟ್ಟಲೆ ಉಳಿಯುವ ಕ್ರಾನಿಕ್ ಬ್ರಾಂಕೈಟಿಸ್‌ನ ಅಪಾಯ ಶುರುವಾಗುತ್ತದೆ ಎಂದು ಅವರು ಕಂಡುಕೊಂಡರು. ಸಿಒಪಿಡಿಗೆ ತೀರಾ ಹತ್ತಿರದ ಕಾಯಿಲೆ ಅದು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದರೆ 60 ಆಯಿತು. ಹದಿನೆಂಟಕ್ಕೆ ಮದುವೆಯಾಗಿ ಬಂದು, ಐವತ್ತರವರೆಗೆ ದಿನಕ್ಕೆ ನಾಲ್ಕು ಗಂಟೆ ಒಲೆ ಮುಂದೆ ಕೂತವರ ಲೆಕ್ಕ 128 ಆಗುತ್ತದೆ. ಅಷ್ಟು ಹೊಗೆ ಕುಡಿದವರನ್ನು 'ಏನೂ ಸೇದಿಲ್ಲ' ಎನ್ನಲು ನನಗೆ ಬಾಯಿ ಬರುವುದಿಲ್ಲ.

'ಗ್ಯಾಸ್ ಬಂದು ಎಷ್ಟೋ ವರ್ಷ ಆಯ್ತಲ್ಲ' ಅಂತ ನೀವು ಕೇಳಬಹುದು. ಬಂದಿದೆ. ಆದರೆ ಸ್ನಾನದ ನೀರಿಗೆ ಹಂಡೆ ಉರಿ ಇನ್ನೂ ಬಹಳ ಮನೆಗಳಲ್ಲಿ ಇದೆ. ರೊಟ್ಟಿಗೆ ಕಟ್ಟಿಗೆ ಒಲೆಯೇ ಬೇಕು ಅನ್ನುವವರೂ ಇದ್ದಾರೆ. ಜೊತೆಗೆ, ಹಿಂದೆ ಆದ ಹಾನಿ ಗ್ಯಾಸ್ ಬಂದ ದಿನವೇ ಅಳಿಸಿಹೋಗುವುದಿಲ್ಲ.

ಇನ್ನೊಂದು ಸಂಗತಿ ಇತ್ತೀಚಿನ ಹತ್ತು ಹದಿನೈದು ವರ್ಷಗಳಲ್ಲಿ ಸ್ಪಷ್ಟವಾಗಿದೆ. ಮೊದಲು ವೈದ್ಯರು ಹೀಗೆ ತಿಳಿದಿದ್ದರು: ಎಲ್ಲರ ಶ್ವಾಸಕೋಶವೂ ಚೆನ್ನಾಗಿಯೇ ಬೆಳೆಯುತ್ತದೆ, ಆಮೇಲೆ ಕೆಲವರದು ಬೇಗ ಸವೆಯುತ್ತದೆ, ಅದೇ ಸಿಒಪಿಡಿ. 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ಈ ತಿಳಿವಳಿಕೆಯನ್ನು ಬದಲಿಸಿತು. ಅಮೆರಿಕ ಮತ್ತು ಡೆನ್ಮಾರ್ಕಿನಲ್ಲಿ ದಶಕಗಳ ಕಾಲ ಜನರ ಉಸಿರಿನ ಬಲ ಅಳೆದಿಟ್ಟಿದ್ದ ದಾಖಲೆಗಳನ್ನು ಅದರಲ್ಲಿ ನೋಡಿದ್ದರು. ಸಿಒಪಿಡಿ ಬಂದವರಲ್ಲಿ ಹೆಚ್ಚುಕಡಿಮೆ ಅರ್ಧ ಜನರ ಶ್ವಾಸಕೋಶ ಬೇಗ ಸವೆದಿರಲಿಲ್ಲ. ಹರೆಯದಲ್ಲಿ ಅದು ಪೂರ್ತಿ ಬೆಳೆದೇ ಇರಲಿಲ್ಲ. ನಮ್ಮ ಸೂಳೆಕೆರೆಯನ್ನೇ ನೆನಪಿಸಿಕೊಳ್ಳಿ. ಮಳೆಗಾಲದಲ್ಲಿ ಕೆರೆ ಅರ್ಧವೇ ತುಂಬಿದ್ದರೆ, ಕಾಲುವೆಗೆ ಎಂದಿನಷ್ಟೇ ನೀರು ಬಿಟ್ಟರೂ ಬೇಸಿಗೆಗೆ ಮುಂಚೆಯೇ ತಳ ಕಾಣುತ್ತದೆ. ಶ್ವಾಸಕೋಶದ ಬಲ ಇಪ್ಪತ್ತರಿಂದ ಇಪ್ಪತ್ತೈದು ವಯಸ್ಸಿನ ಆಸುಪಾಸಿನಲ್ಲಿ ತುಂಬುತ್ತದೆ, ಆಮೇಲೆ ಎಲ್ಲರಿಗೂ ಇಳಿಯುತ್ತದೆ. ಹುಟ್ಟುವಾಗ ತೂಕ ಕಡಿಮೆ ಇದ್ದವರು, ಚಿಕ್ಕವರಿದ್ದಾಗ ಪದೇ ಪದೇ ನ್ಯುಮೋನಿಯಾ ಆದವರು, ಬಾಲ್ಯದ ಆಸ್ತಮಾಗೆ ಸರಿಯಾದ ಚಿಕಿತ್ಸೆ ಸಿಗದವರು, ತಾಯಿಯ ಸೆರಗು ಹಿಡಿದು ಹೊಗೆ ತುಂಬಿದ ಅಡುಗೆಮನೆಯಲ್ಲೇ ಬೆಳೆದವರು. ಇಂಥವರ ಶ್ವಾಸಕೋಶ ತುಂಬುವುದೇ ಕಡಿಮೆ. ಹಾಗಾಗಿ ನಿಮ್ಮ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಅವ್ವನ ಕಾಯಿಲೆಯ ಈ ಪಾಠ ಅವರಿಗೂ ಬೇಕು.

ಹಿಂದೆ ಟಿಬಿ ಆಗಿತ್ತಾ ಅಂತ ಕೇಳಿ ನೋಡಿ. ಮಾತ್ರೆ ನುಂಗಿ ಟಿಬಿ ಪೂರ್ತಿ ಹೋಗಿದ್ದರೂ ಉಸಿರುನಾಳಗಳಲ್ಲಿ ಕಲೆ ಉಳಿದು ಇದೇ ಥರದ ದಮ್ಮು ಬರಬಹುದು. ಕೆಲಸವನ್ನೂ ಡಾಕ್ಟರಿಗೆ ಹೇಳಬೇಕು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಧೂಳಿನ ಕೆಲಸಗಳಿಗೆ ಬರವಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳು, ರೈಸ್ ಮಿಲ್ಲುಗಳು, ಮೆಕ್ಕೆಜೋಳದ ಒಕ್ಕಣೆ, ಚಿತ್ರದುರ್ಗ ಕಡೆಯ ಗಣಿ ಮತ್ತು ಜಲ್ಲಿ ಕ್ರಷರ್‌ಗಳು. ಕಲ್ಲಿನ ಧೂಳಿನಿಂದ ಸಿಲಿಕೋಸಿಸ್ ಎಂಬ ಬೇರೆ ಕಾಯಿಲೆಯೂ ಬರುತ್ತದೆ, ಅದರ ಆರೈಕೆಯೇ ಬೇರೆ. ಹತ್ತಿ ಗಿರಣಿಗಳಲ್ಲಿ ದುಡಿದ ಹಿರಿಯರು ದಾವಣಗೆರೆಯಲ್ಲಿ ಇನ್ನೂ ಇದ್ದಾರೆ. ಹತ್ತಿ ಧೂಳಿನ ಕಾಯಿಲೆಯಲ್ಲಿ ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಜಾಸ್ತಿ ಬಿಗಿಯುತ್ತದೆ. ಇಂಥ ಗುರುತುಗಳನ್ನು ನೀವಾಗಿಯೇ ಹೇಳದಿದ್ದರೆ, ಗಿಜಿಗುಡುವ ಒಪಿಡಿಯಲ್ಲಿ ಕೇಳಲು ಡಾಕ್ಟರಿಗೆ ಪುರುಸೊತ್ತು ಇರುವುದಿಲ್ಲ.

ಒಲೆ ಹೊಗೆಯ ಸಿಒಪಿಡಿಗೂ ಬೀಡಿ, ಸಿಗರೇಟಿನ ಸಿಒಪಿಡಿಗೂ ವ್ಯತ್ಯಾಸ ಇದೆ. ತಂಬಾಕು ಸೇದಿದವರಲ್ಲಿ ಗಾಳಿಗೂಡುಗಳೇ ಹರಿದು ಹಿಗ್ಗುವುದು ಜಾಸ್ತಿ. ಒಲೆ ಹೊಗೆ ಕುಡಿದವರಲ್ಲಿ ಸಣ್ಣ ಉಸಿರುನಾಳಗಳು ದಪ್ಪಗಾಗಿ ಕಿರಿದಾಗುವುದು ಜಾಸ್ತಿ. ಮೆಕ್ಸಿಕೋದಲ್ಲಿ ಎರಡೂ ಬಗೆಯ ರೋಗಿಗಳನ್ನು ವರ್ಷಗಳ ಕಾಲ ಹಿಂಬಾಲಿಸಿ 2014ರಲ್ಲಿ ವರದಿ ಮಾಡಿದರು. ಒಂದು ಸೆಕೆಂಡಿನಲ್ಲಿ ಜೋರಾಗಿ ಬಿಡುವ ಗಾಳಿಯ ಪ್ರಮಾಣ ತಂಬಾಕಿನವರಲ್ಲಿ ವರ್ಷಕ್ಕೆ ಸರಾಸರಿ 42 ಮಿಲಿಲೀಟರ್ ಇಳಿದರೆ, ಒಲೆ ಹೊಗೆಯವರಲ್ಲಿ 23 ಮಾತ್ರ ಇಳಿಯಿತು. ನಿಮ್ಮವ್ವನಿಗೆ ಇದು ಧೈರ್ಯ ಕೊಡುವ ಸುದ್ದಿ. ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಒಂಬತ್ತು ವರ್ಷ ನಡೆದ ಅಧ್ಯಯನವೂ 2014ರಲ್ಲೇ ಪ್ರಕಟವಾಯಿತು. ಕಟ್ಟಿಗೆ ಬಿಟ್ಟು ಗೋಬರ್ ಗ್ಯಾಸಿಗೆ ಬದಲಾದವರಲ್ಲಿ, ಅಡುಗೆಮನೆಯ ಹೊಗೆ ಹೊರಗೆ ಹೋಗುವಂತೆ ಮಾಡಿಕೊಂಡವರಲ್ಲಿ ಉಸಿರಿನ ಬಲ ಇಳಿಯುವ ವೇಗ ಕಡಿಮೆಯಾಯಿತು. ಹಾಗಾಗಿ ಈ ವಯಸ್ಸಿನಲ್ಲಿ ಒಲೆ ಬಿಡಿಸಿದರೂ ಲಾಭ ಇದೆ. ಹಂಡೆ ಉರಿ ಬಿಡಲು ಆಗದಿದ್ದರೆ ಅದನ್ನು ಮನೆಯಿಂದ ಹೊರಗೆ ಹಾಕಿ. ಇಲ್ಲವೇ ಹೊಗೆ ಕೊಳವೆ ಇರುವ ಒಲೆ ಕಟ್ಟಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಹೊಸದೇನಲ್ಲ. ಉರಿ ಹಾಕುವ ಕೆಲಸ ಮಾತ್ರ ಅವ್ವನ ಪಾಲಿಗೆ ಬರಬಾರದು. ರಾತ್ರಿ ಸೊಳ್ಳೆ ಬತ್ತಿಯನ್ನೂ ನಿಲ್ಲಿಸಿ ಪರದೆ ಕಟ್ಟಿ. ಒಂದು ಬತ್ತಿ ಪೂರ್ತಿ ಉರಿದರೆ ಬರುವ ಸಣ್ಣ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದು ತೋರಿಸಿತ್ತು.

ಚಿಕಿತ್ಸೆಗೆ ಬರುವ ಮುನ್ನ ಒಂದು ಮಾತು. ಅವ್ವನಿಗೆ ಸ್ಪೈರೋಮೆಟ್ರಿ ಮಾಡಿದ್ದಾರಾ? ಕೊಳವೆಯೊಳಗೆ ಜೋರಾಗಿ ಊದಿಸಿ, ಔಷಧಿ ಕೊಟ್ಟು, ಮತ್ತೆ ಊದಿಸುವ ಪರೀಕ್ಷೆ ಅದು. ಒಟ್ಟು ಬಿಟ್ಟ ಗಾಳಿಯಲ್ಲಿ ಮೊದಲ ಸೆಕೆಂಡಿನ ಪಾಲು, ಔಷಧಿ ಕೊಟ್ಟ ಮೇಲೂ ಶೇ. 70ಕ್ಕಿಂತ ಕಡಿಮೆ ಇದ್ದರೆ ಉಸಿರುನಾಳ ಕಟ್ಟಿದೆ ಅಂತ ಅರ್ಥ. ಔಷಧಿ ಕೊಟ್ಟ ಮೇಲೆ ಊದುವ ಬಲ ತುಂಬಾ ಸುಧಾರಿಸಿದರೆ ಆಸ್ತಮಾ ಇರಬಹುದು. ಎರಡೂ ಬೆರೆತಿರುವುದೂ ಉಂಟು. ಎಕ್ಸ್‌ರೇ ನಾರ್ಮಲ್ ಬಂದ ಮಾತ್ರಕ್ಕೆ ಸಿಒಪಿಡಿ ಇಲ್ಲ ಅಂತಲ್ಲ, ಶುರುವಿನಲ್ಲಿ ಎಕ್ಸ್‌ರೇ ಚೆನ್ನಾಗಿಯೇ ಕಾಣುತ್ತದೆ. ದಾವಣಗೆರೆ, ಚಿತ್ರದುರ್ಗದ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಶ್ವಾಸಕೋಶದ ವಿಭಾಗಕ್ಕೆ ಹೋಗಿ ಕೇಳಿ. ಸ್ಟೆತಸ್ಕೋಪ್ ಇಟ್ಟು ನೋಡಿದ್ದಷ್ಟರ ಮೇಲೆ ಜೀವಮಾನದ ಔಷಧಿ ಶುರುಮಾಡುವುದು ನನಗೆ ಸರಿ ಕಾಣುವುದಿಲ್ಲ.

ಈಗ ಪಂಪಿನ, ಅಂದರೆ ಔಷಧಿಯನ್ನು ಉಸಿರಿನ ಜೊತೆ ಎಳೆದುಕೊಳ್ಳುವ ಇನ್ಹೇಲರಿನ ವಿಷಯ. 'ಒಮ್ಮೆ ಪಂಪ್ ಹಿಡಿದರೆ ಬಿಡೋಕಾಗಲ್ಲ, ಮಾತ್ರೆಯೇ ಮೇಲು' ಎನ್ನುವ ಮಾತು ಊರೂರಲ್ಲೂ ಇದೆ. ಲೆಕ್ಕ ನೋಡಿ. ಉಸಿರುನಾಳ ಹಿಗ್ಗಿಸುವ ಸಾಲ್ಬುಟಮಾಲ್ ಪಂಪನ್ನು ಎರಡು ಸಲ ಒತ್ತಿದರೆ ಒಳಗೆ ಹೋಗುವುದು 200 ಮೈಕ್ರೋಗ್ರಾಂ. ಅದೇ ಔಷಧಿಯ 4 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ಇಪ್ಪತ್ತು ಪಟ್ಟು ಇರುತ್ತದೆ, ಅದೂ ಹೊಟ್ಟೆಗೆ ಹೋಗಿ ಮೈಯೆಲ್ಲಾ ಸುತ್ತಿ ಬರಬೇಕು. ಕೈ ನಡುಕ, ಎದೆ ಬಡಿತ ಜಾಸ್ತಿ ಆಗುವುದು ಅದಕ್ಕೇ. ಪಂಪ್ ಚಟವಲ್ಲ. ಕಾಯಿಲೆ ಉಳಿಯುವಂಥದ್ದು, ಅದಕ್ಕೇ ಔಷಧಿಯೂ ಉಳಿಯುತ್ತದೆ. ಬಿಪಿ ಮಾತ್ರೆಯನ್ನು ಯಾರೂ ಚಟ ಅನ್ನುವುದಿಲ್ಲ ಅಲ್ವಾ? ಪಂಪಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಹಾಕಿಸಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಎಳೆದು, ಹತ್ತು ಎಣಿಸುವವರೆಗೆ ಹಿಡಿಯಬೇಕು. ಸ್ಟೀರಾಯ್ಡ್ ಇರುವ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಮುಂದಿನ ಸಲ ಡಾಕ್ಟರ ಮುಂದೆಯೇ ಅವ್ವನಿಂದ ಒಮ್ಮೆ ಮಾಡಿಸಿ ತೋರಿಸಿ. ಔಷಧಿ ಕೆಲಸ ಮಾಡುತ್ತಿಲ್ಲ ಅನ್ನುವವರಲ್ಲಿ ಬಹಳ ಜನರಿಗೆ ಔಷಧಿ ಒಳಗೆ ಹೋಗಿಯೇ ಇರುವುದಿಲ್ಲ.

ನೀವು ಕೇಳಿದ ಇಂಜೆಕ್ಷನ್ ಬಹುಶಃ ಡುಪಿಲುಮಾಬ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2024ರ ಸೆಪ್ಟೆಂಬರಿನಲ್ಲಿ ಸಿಒಪಿಡಿಗೆ ಇದನ್ನು ಒಪ್ಪಿತು. ಬಯಾಲಾಜಿಕ್ ಎನ್ನುವ, ಜೀವಕೋಶಗಳಲ್ಲಿ ತಯಾರಿಸುವ ಔಷಧಿಗಳಲ್ಲಿ ಸಿಒಪಿಡಿಗೆ ಒಪ್ಪಿಗೆ ಸಿಕ್ಕ ಮೊದಲನೆಯದು ಇದು. ಎರಡು ದೊಡ್ಡ ಪ್ರಯೋಗಗಳಲ್ಲಿ ಕಾಯಿಲೆ ಒಮ್ಮೆಲೇ ಕೆರಳುವುದು ಒಂದರಲ್ಲಿ ಶೇ. 30, ಇನ್ನೊಂದರಲ್ಲಿ ಶೇ. 34 ಕಡಿಮೆಯಾಯಿತು. ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಇದರಿಂದ ಕಾಯಿಲೆ ವಾಸಿಯಾಗುವುದಿಲ್ಲ. ಮೂರು ಔಷಧಿಯ ಪಂಪ್ ಹಾಕಿಕೊಂಡರೂ ಪದೇ ಪದೇ ಕೆರಳುವವರಿಗೆ, ಅದರಲ್ಲೂ ರಕ್ತದಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 300 ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ ಮಾತ್ರ ಇದನ್ನು ಪರೀಕ್ಷಿಸಿದ್ದಾರೆ. ನಮ್ಮಲ್ಲಿ ಹೊಟ್ಟೆಹುಳು ಇದ್ದರೂ ಈ ಕಣಗಳು ಏರುತ್ತವೆ, ಮೊದಲು ಅದನ್ನು ನೋಡಬೇಕು. ಎಲ್ಲಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಆ ಪ್ರಯೋಗಗಳಿಗೆ ಸೇರಬೇಕಿದ್ದರೆ ಸಿಗರೇಟು ಸೇದಿದ ಇತಿಹಾಸ ಇರಲೇಬೇಕಿತ್ತು. ದಿನಕ್ಕೊಂದು ಪ್ಯಾಕಿನಂತೆ ಹತ್ತು ವರ್ಷ ಸೇದಿದಷ್ಟು. ನಿಮ್ಮವ್ವನಂಥವರನ್ನು ಬಾಗಿಲಲ್ಲೇ ತಡೆದ ಹಾಗಾಯಿತು. ಪ್ರಪಂಚದಲ್ಲಿ ತಂಬಾಕು ಸೇದುವವರು ಸುಮಾರು 100 ಕೋಟಿ, ಒಲೆ ಹೊಗೆಗೆ ಸಿಕ್ಕವರು ಸುಮಾರು 300 ಕೋಟಿ ಎಂದು ಪುಣೆಯ ಡಾ. ಸಂದೀಪ್ ಸಾಳ್ವಿ ಮತ್ತು ಲಂಡನ್ನಿನ ಪೀಟರ್ ಬಾರ್ನ್ಸ್ ಎಂಬ ಶ್ವಾಸಕೋಶ ತಜ್ಞರು 2009ರಲ್ಲೇ ಬರೆದಿದ್ದರು. ಇಷ್ಟು ಜನರನ್ನು ಹೊರಗಿಟ್ಟು ಔಷಧಿ ಪರೀಕ್ಷಿಸುವುದು ನ್ಯಾಯವಲ್ಲ. ಒಲೆ ಹೊಗೆಯ ರೋಗಿಗಳನ್ನೇ ಇಟ್ಟುಕೊಂಡು ನಮ್ಮ ದೇಶದಲ್ಲೇ ಪ್ರಯೋಗ ಆಗಬೇಕು. ಅಲ್ಲಿಯವರೆಗೆ ಈ ದುಬಾರಿ ಇಂಜೆಕ್ಷನ್ನಿಗಾಗಿ ಹೊಲ ಅಡ ಇಡಬೇಡಿ.

ಕಡಿಮೆ ಖರ್ಚಿನಲ್ಲಿ ಗಟ್ಟಿ ಫಲ ಕೊಡುವುದು ನಡಿಗೆ ಮತ್ತು ವ್ಯಾಯಾಮ. ದಮ್ಮು ಬರುತ್ತೆ ಅಂತ ಕೂತರೆ ಕಾಲಿನ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ಜಾಸ್ತಿ ಉಸಿರು ಕೇಳುತ್ತದೆ. ಹೀಗೇ ಇಳಿಯುತ್ತಾ ಹೋಗುತ್ತದೆ. ಸಿಒಪಿಡಿ ಕೆರಳಿ ಆಸ್ಪತ್ರೆ ಸೇರಿದ್ದ ವಯಸ್ಸಾದ ರೋಗಿಗಳ ದಾಖಲೆಗಳನ್ನು ಅಮೆರಿಕದಲ್ಲಿ ನೋಡಿ 2020ರಲ್ಲಿ ವರದಿ ಮಾಡಿದರು. ಬಿಡುಗಡೆಯಾದ 90 ದಿನದೊಳಗೆ ಇಂಥ ವ್ಯಾಯಾಮ ಚಿಕಿತ್ಸೆ ಶುರುಮಾಡಿದವರಲ್ಲಿ ವರ್ಷದೊಳಗಿನ ಸಾವು ಕಡಿಮೆ ಇತ್ತು. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತು ಬಂದರೆ ಮನೆಯಂಗಳದಲ್ಲೇ ಮಾಡಬಹುದು. ಕುರ್ಚಿಯಿಂದ ಎದ್ದು ಕೂರುವುದು, ದಿನಾ ಸ್ವಲ್ಪ ಸ್ವಲ್ಪ ದೂರ ಹೆಚ್ಚಿಸಿ ನಡೆಯುವುದು, ತುಟಿ ಕಿರಿದು ಮಾಡಿ ನಿಧಾನವಾಗಿ ಉಸಿರು ಬಿಡುವುದು. ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಗಳನ್ನೂ ಡಾಕ್ಟರ ಹತ್ತಿರ ಕೇಳಿ ಹಾಕಿಸಿ.

ಕೋವಿಡ್ ಆದ ಮೇಲೆ ಮನೆಮನೆಗೆ ಆಕ್ಸಿಜನ್ ಯಂತ್ರ ತರುವ ಅಭ್ಯಾಸ ಬಂದಿದೆ. ರಕ್ತದಲ್ಲಿ ಆಮ್ಲಜನಕ ತೀರಾ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗೂ ಜಾಸ್ತಿ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ ಅನ್ನುವುದು 1980ರ ಸುಮಾರಿಗೇ ಗೊತ್ತಾಗಿದೆ. ಆದರೆ ಸಾಧಾರಣ ಇಳಿಕೆ ಇದ್ದವರಿಗೆ ಲಾಭವಿಲ್ಲ ಎಂದು 2016ರ ಅಮೆರಿಕದ ದೊಡ್ಡ ಪ್ರಯೋಗ ತೋರಿಸಿತು. ಡಾಕ್ಟರು ಅಳೆದು ಹೇಳದೆ ಯಂತ್ರ ಕೊಳ್ಳಬೇಡಿ.

ತುಟಿ ನೀಲಿಯಾದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ಮಂಪರು ಬಂದು ತೂಗಾಡಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಆಂಬ್ಯುಲೆನ್ಸ್ ಬಂದ ಕೂಡಲೇ 'ಇವರಿಗೆ ಸಿಒಪಿಡಿ ಇದೆ' ಅಂತ ಹೇಳಿ. ಇಂಥ ರೋಗಿಗಳಿಗೆ ಆಮ್ಲಜನಕ ಜಾಸ್ತಿ ಕೊಟ್ಟರೂ ಅಪಾಯ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಹೆಚ್ಚುತ್ತದೆ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಆಂಬ್ಯುಲೆನ್ಸಿನಲ್ಲೇ ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಎಲ್ಲರಿಗೂ ಜೋರಾಗಿ ಆಮ್ಲಜನಕ ಬಿಟ್ಟ ಗುಂಪಿನಲ್ಲಿ ಶೇ. 9 ಜನ ತೀರಿಕೊಂಡರೆ, ರಕ್ತದ ಆಮ್ಲಜನಕವನ್ನು ಅಳೆದು ಶೇ. 88ರಿಂದ 92ರ ನಡುವೆ ಇಟ್ಟ ಗುಂಪಿನಲ್ಲಿ ಶೇ. 4. ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಅವ್ವನಿಗೆ ಎಷ್ಟು ಇರಬೇಕು ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿ, ಒಂದು ಚೀಟಿಯಲ್ಲಿ ಬರೆಸಿ ಅವರ ಔಷಧಿ ಡಬ್ಬಿಯಲ್ಲಿ ಇಡಿ.