ಕಪ್ಪುಕುಳಿಯ ಬಾಗಿಲಿಂದ ಬೀಸುವ ಗಾಳಿ

ಕಪ್ಪುಕುಳಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ ಅಂತ ಎಷ್ಟು ಜನ ನಂಬಿದ್ದಾರೆ! ಅವರೆಲ್ಲ ಒಮ್ಮೆ ಪಿಡಿಎಸ್ 456 ಎಂಬ ಕ್ವೇಸಾರ್ (ದೈತ್ಯ ಕಪ್ಪುಕುಳಿಯಿಂದಾಗಿ ಉಜ್ವಲವಾಗಿ ಹೊಳೆಯುವ ಗೆಲಾಕ್ಸಿಯ ನಡುಭಾಗ) ಬಗ್ಗೆ ಓದಬೇಕು. ಅಲ್ಲಿನ ದೈತ್ಯ ಕುಳಿಯ ಸುತ್ತ ಸುತ್ತುವ ಅನಿಲದಲ್ಲಿ ಒಂದಷ್ಟು ಪಾಲು ಒಳಗೆ ಬೀಳುವ ಮೊದಲೇ ಗಾಳಿಯಾಗಿ ಹೊರಕ್ಕೆ ಚಿಮ್ಮುತ್ತದೆ. ವೇಗ? ಬೆಳಕಿನ ವೇಗದ ಸುಮಾರು ಕಾಲುಭಾಗ.

ಇದನ್ನು ಹೇಳಿದ್ದು ಕಬ್ಬಿಣ. ಒಂದೇ ಎಲೆಕ್ಟ್ರಾನ್ ಉಳಿದ ಕಬ್ಬಿಣದ ಪರಮಾಣು 6.97 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಎಕ್ಸ್-ರೇ ಹೀರುತ್ತದೆ. ಹೀರಿದ ಕಡೆ ರೋಹಿತದಲ್ಲಿ, ಅಂದರೆ ಬೆಳಕನ್ನು ಶಕ್ತಿಯ ಪ್ರಕಾರ ಬಿಡಿಸಿಟ್ಟ ಪಟ್ಟಿಯಲ್ಲಿ, ಒಂದು ತಗ್ಗು ಬೀಳುತ್ತದೆ. ಇಲ್ಲಿ ಆ ತಗ್ಗು ಕಾಣುವುದು 9ರ ಆಸುಪಾಸಿನಲ್ಲಿ, ಅದೂ ವಿಶ್ವದ ಹಿಗ್ಗುವಿಕೆಯ ಲೆಕ್ಕ ಕಳೆದ ಮೇಲೆ. ತಗ್ಗು ಹೆಚ್ಚಿನ ಶಕ್ತಿಯತ್ತ ಸರಿದಿದೆ ಎಂದರೆ ಅನಿಲ ನಮ್ಮತ್ತ ನುಗ್ಗಿ ಬರುತ್ತಿದೆ ಅಂತಲೇ ಅರ್ಥ. ತಗ್ಗಿನ ಪಕ್ಕದಲ್ಲೇ ಅಗಲವಾದ ಉಬ್ಬೂ ಇದೆ. ಅದು ಸುತ್ತಲೂ ಹರಡಿದ ಗಾಳಿಯ ಬೆಳಕು. 1600ರಲ್ಲಿ ಡಚ್ ನಕ್ಷೆಗಾರ ಬ್ಲೇವು ಗುರುತಿಸಿದ ಪಿ ಸಿಗ್ನಿ ನಕ್ಷತ್ರದ ರೋಹಿತದಲ್ಲೂ ಇದೇ ತಗ್ಗು-ಉಬ್ಬಿನ ಜೋಡಿ. ಅದಕ್ಕೇ ಇಂಥ ಜೋಡಿಗೆ ಪಿ ಸಿಗ್ನಿ ಎಂಬ ಹೆಸರೇ ಅಂಟಿಕೊಂಡಿದೆ.

ರೋಹಿತ ನೋಡಿ ಗಾಳಿಯ ಆಕಾರ ಹೇಳುವುದು ಮಾತ್ರ ಸುಲಭವಲ್ಲ. ಅದಕ್ಕೆ ಉಲ್ಟಾ ದಾರಿ ಹಿಡಿಯುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಗಾಳಿ ಕಟ್ಟಿ, ನಡುವಿನಿಂದ ಬೆಳಕಿನ ಪೊಟ್ಟಣಗಳನ್ನು ಬಿಡುತ್ತಾರೆ. ಒಂದೊಂದು ಪೊಟ್ಟಣವೂ ಚದುರಿತೋ, ಹೀರಿಹೋಯಿತೋ, ಪಾರಾಯಿತೋ ಅಂತ ಹೆಜ್ಜೆಹೆಜ್ಜೆಗೂ ದಾಳ ಹಾಕಿ ತೀರ್ಮಾನಿಸುತ್ತಾರೆ. ಇದೇ ಮಾಂಟೆ ಕಾರ್ಲೊ ವಿಧಾನ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಉಲಾಮ್ ಅವರಿಗೆ ಹೊಳೆದದ್ದು!

ಒಂದು ಸುಳಿ ಇದೆ. ಅನಿಲ ಎಷ್ಟು ಬೆಳಕು ಹೀರುತ್ತದೆ ಎನ್ನುವುದು ಅದರ ಪರಮಾಣುಗಳಲ್ಲಿ ಎಷ್ಟು ಎಲೆಕ್ಟ್ರಾನ್ ಉಳಿದಿವೆ ಎಂಬುದರ ಮೇಲೆ ನಿಂತಿದೆ. ಆ ಎಲೆಕ್ಟ್ರಾನ್‌ಗಳನ್ನು ಕಿತ್ತು ಹಾಕುವುದೂ ಅದೇ ಬೆಳಕು. ಹಾಗಾಗಿ ಎರಡೂ ಲೆಕ್ಕ ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಮಾಡಬೇಕು. ಎಕ್ಸ್-ರೇ ಜಾಸ್ತಿಯಾದರೆ ಎಲೆಕ್ಟ್ರಾನ್ ಕಳೆದುಕೊಂಡ ಪರಮಾಣು ಹಾಯಿ ಕಳಚಿದ ದೋಣಿ: ನೇರಳಾತೀತ ಬೆಳಕು ತಳ್ಳಲು ಹಿಡಿತವೇ ಇರುವುದಿಲ್ಲ. ಅನಿಲ ಗಂಟುಗಂಟಾಗಿದ್ದರೆ ಬೇರೆ ಕಥೆ. ಒತ್ತಾದ ಕಡೆ ಪರಮಾಣುಗಳು ಎಲೆಕ್ಟ್ರಾನ್‌ಗಳನ್ನು ಬೇಗ ಮರಳಿ ಹಿಡಿಯುತ್ತವೆ.

ಈ ಗಂಟುಗಳು ಈಗ ಬರೀ ಊಹೆಯಲ್ಲ. ಎಕ್ಸ್‌ರಿಸಂ ಎಂಬ ಎಕ್ಸ್-ರೇ ದೂರದರ್ಶಕ ಉಪಗ್ರಹದ ಸಂವೇದಕ ಪರಮ ಶೂನ್ಯಕ್ಕಿಂತ 0.05 ಡಿಗ್ರಿಯಷ್ಟೇ ಮೇಲಿರುತ್ತದೆ. ಒಂದೊಂದು ಎಕ್ಸ್-ರೇ ಕಣ ಬಿದ್ದಾಗ ಏರುವ ಶಾಖವನ್ನೂ ಅಳೆಯುತ್ತದೆ. ಪಿಡಿಎಸ್ 456ರ ಆ ಒಂದೇ ತಗ್ಗು ಅದರ ಕಣ್ಣಿಗೆ ಒಡೆದು ಐದು ಬೇರೆ ಬೇರೆ ವೇಗಗಳಾಗಿ ಕಂಡಿತು. 2025ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ನುಣುಪಾದ ಒಂದೇ ಗಾಳಿಯ ಮಾದರಿ ಇನ್ನು ಸಾಲದು. ಗಂಟುಗಳು ಎಷ್ಟು ದೊಡ್ಡವು, ನಡುವೆ ಎಷ್ಟು ಖಾಲಿ ಜಾಗ ಎನ್ನುವುದನ್ನೂ ಲೆಕ್ಕಕ್ಕೆ ತರಬೇಕು. ಗಾಳಿ ಸುತ್ತಲಿನ ಗೆಲಾಕ್ಸಿಯ ಅನಿಲಕ್ಕೆ ಬಡಿಯುತ್ತದೋ, ಸಂದಿಗಳಲ್ಲಿ ನುಸುಳಿ ಹೋಗುತ್ತದೋ ಎಂಬುದು ಅದರ ಮೇಲೆಯೇ ನಿಂತಿದೆ.