ಪಂಥಕ್ಕೇಕೆ ಕಲ್ಟ್‌ನ ಕಳಂಕ?

ಹೊಸ ಧಾರ್ಮಿಕ ಗುಂಪಿನ ಮೇಲೊಂದು ಆರೋಪ ಬಂದರೆ ಸಾಕು, ವರದಿಗಳಲ್ಲಿ ‘ವಿವಾದಿತ ಪಂಥ’ ಹಾಜರ್. ಈ ವಾರ ಮೂರನೇ ಸಲ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನಾಥಪಂಥ, ಕಬೀರಪಂಥ, ಕೊನೆಗೆ ಎಡಪಂಥ, ಬಲಪಂಥ: ಎಲ್ಲೆಡೆ ಪಂಥವೆಂದರೆ ದಾರಿ. ಇಂಗ್ಲಿಷಿನ ‘ಕಲ್ಟ್’ ಹೊತ್ತ ‘ಅಪಾಯಕಾರಿ ಗುಂಪು’ ಎಂಬ ಕಳಂಕವನ್ನು ಈ ಪಾಪದ ಪದಕ್ಕೆ ಅಂಟಿಸುವುದೇಕೆ?

ಹಾಗೆ ನೋಡಿದರೆ ಕಲ್ಟ್ ಕೂಡ ಹುಟ್ಟಾ ಬೈಗುಳವೇನಲ್ಲ. ಲ್ಯಾಟಿನ್ನಿನ ‘ಕೊಲೆರೆ’ ಎಂದರೆ ಉಳು, ಆರೈಕೆ ಮಾಡು, ಪೂಜಿಸು. ಹೊಲವನ್ನು ನೋಡಿಕೊಂಡಂತೆಯೇ ದೇವರನ್ನೂ ನೋಡಿಕೊಳ್ಳಬೇಕು ಎಂಬ ಭಾವ. ಕಲ್ಚರ್, ಅಗ್ರಿಕಲ್ಚರ್ ಎರಡರ ಬೇರೂ ಅಲ್ಲೇ ಇದೆ. ಪ್ರಾಚೀನ ರೋಮಿನ ದೇವತೆಯೊಬ್ಬಳ ‘ಕಲ್ಟ್’ ಎಂದು ಇತಿಹಾಸಕಾರರು ಬರೆದರೆ ಇಂದಿಗೂ ಅದು ಪೂಜಾಪದ್ಧತಿ, ಅಷ್ಟೆ. ಇನ್ನು ‘ಸೆಕ್ಟ್’. ಅದು ಕತ್ತರಿಸು ಎಂಬರ್ಥದ ‘ಸೆಕಾರೆ’ಯಿಂದ ಬಂತು, ಮೂಲಧರ್ಮದಿಂದ ಕತ್ತರಿಸಿಕೊಂಡದ್ದೇ ಸೆಕ್ಟ್ ಎಂದು ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕೇಳಲು ಚೆಂದ, ಆದರೆ ತಪ್ಪು. ಅದರ ಮೂಲ ‘ಸೆಕ್ವಿ’, ಅಂದರೆ ಹಿಂಬಾಲಿಸು. ಅರ್ಥದಲ್ಲಿ ನಮ್ಮ ‘ಅನುಯಾಯಿ’ಯ ನೆಂಟ ಅದು. ತಮಾಷೆಯೆಂದರೆ, ಫ್ರೆಂಚಿನಲ್ಲಿ ಕಲ್ಟ್ ಮರ್ಯಾದಸ್ಥ ಪದ, ಸೆಕ್ಟೇ ಬೈಗುಳ.

ಇಂಗ್ಲಿಷಿನ ಪದಕ್ಕೆ ಈಗಿನ ವಾಸನೆ ಗಾಢವಾಗಿ ಹತ್ತಿದ್ದು ಜೋನ್ಸ್‌ಟೌನಿನ ಬಳಿಕ. ದಕ್ಷಿಣ ಅಮೆರಿಕದ ಗಯಾನಾದ ಆ ಕಾಡಿನ ವಸಾಹತಿನಲ್ಲಿ 1978ರ ನವೆಂಬರ್ 18ರಂದು 900ಕ್ಕೂ ಹೆಚ್ಚು ಜನ ಸತ್ತರು. ಸೈನೈಡ್ ಬೆರೆಸಿದ ಪಾನಕ ಮೊದಲು ಹೋದದ್ದು ಮಕ್ಕಳ ಬಾಯಿಗೆ. ಅದನ್ನು ಕಟ್ಟಿದ ‘ಪೀಪಲ್ಸ್ ಟೆಂಪಲ್’ ಚರ್ಚಿನ ನಾಯಕ ಜಿಮ್ ಜೋನ್ಸ್‌ನ ಬೋಧನೆ ವಿಚಿತ್ರವಾಗಿತ್ತು, ನಿಜ. ಆದರೆ ಟೀಕಾಕಾರರು ಬೊಟ್ಟುಮಾಡಿದ್ದು ಬೇರೆಯದಕ್ಕೆ: ಸದಸ್ಯರ ಆಸ್ತಿ ಚರ್ಚಿಗೆ ಸೇರಿತ್ತು, ಪಾಸ್‌ಪೋರ್ಟು ಅವರ ಕೈಯಲ್ಲಿರಲಿಲ್ಲ, ಬಿಟ್ಟುಹೋಗಲು ವಿಮಾನದ ಬಳಿ ನಿಂತವರ ಮೇಲೆ ಗುಂಡು ಹಾರಿತು. ಅಲ್ಲಿ ಸತ್ತವರಲ್ಲಿ ವಿಚಾರಿಸಲು ಬಂದಿದ್ದ ಅಮೆರಿಕದ ಸಂಸದ ಲಿಯೋ ರಯಾನ್ ಕೂಡ ಒಬ್ಬರು. 1995ರಲ್ಲಿ ಟೋಕಿಯೊ ಮೆಟ್ರೋದಲ್ಲಿ ಸರಿನ್ ವಿಷಾನಿಲ ಬಿಟ್ಟ ಜಪಾನಿನ ಓಂ ಶಿನ್ರಿಕ್ಯೋ ಗುಂಪಿನ ಬಗ್ಗೆಯಂತೂ ಹೇಳುವುದೇ ಬೇಡ.

‘ಎಲ್ಲರನ್ನೂ ಬ್ರೈನ್‌ವಾಶ್ ಮಾಡಿದ್ದಾರೆ’ ಎಂಬ ಮಾತು ಮಾತ್ರ ನನಗೆ ಸಾಕಾಗಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್, ಕೊರಿಯಾದಲ್ಲಿ ಹುಟ್ಟಿದ ಹೊಸ ಧಾರ್ಮಿಕ ಗುಂಪಾದ ಯೂನಿಫಿಕೇಶನ್ ಚರ್ಚಿನ ಶಿಬಿರಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಶಿಬಿರಕ್ಕೆ ಬಂದವರಲ್ಲಿ ಬಹುಪಾಲು ಜನ ಸಂಘಟನೆ ಸೇರಲೇ ಇಲ್ಲ. ಸೇರಿದವರಲ್ಲೂ ಅನೇಕರು ತಾವಾಗಿಯೇ ಬಿಟ್ಟರು. ಮೆದುಳು ತೊಳೆಯುವ ಯಂತ್ರ ಅಷ್ಟು ಕೆಟ್ಟದಾಗಿ ಕೆಲಸ ಮಾಡುತ್ತದೆಯೇ?

‘ಕಲ್ಟ್’ ಬದಲು ವಿದ್ವಾಂಸರು ಬಳಸುವ ‘ಹೊಸ ಧಾರ್ಮಿಕ ಚಳವಳಿ’ ನ್ಯಾಯವಾದದ್ದು, ಸಪ್ಪೆಯೂ ಹೌದು. 2001ರಲ್ಲಿ ಫ್ರಾನ್ಸ್ ಇಂಥ ಗುಂಪುಗಳ ವಿರುದ್ಧ ಕಾನೂನು ತಂದಾಗಲೂ ‘ಸೆಕ್ಟ್’ ಎಂದರೇನು ಎಂದು ವ್ಯಾಖ್ಯಾನಿಸಲಿಲ್ಲ. ಒಬ್ಬರ ದುರ್ಬಲ ಸ್ಥಿತಿಯ ದುರುಪಯೋಗವನ್ನು ಅಪರಾಧವೆಂದಿತು. ವರದಿಗಾರರೂ ಅದನ್ನೇ ಮಾಡಲಿ: ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡಿದ್ದರೆ ಹಾಗೆಂದೇ ಬರೆಯಲಿ, ಪಂಥವನ್ನು ಅದರ ಪಾಡಿಗೆ ಬಿಡಲಿ.